ಎರಡು ಕೋಶಕೇಂದ್ರಗಳಿರುವ ಜೀವಕೋಶವನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ಮುಂಬಯಿ

ಎಲ್ಲರಿಗೂ ನಮಸ್ಕಾರ. ನಾನು ಮುಂಬಯಿಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಪಾಠ ಮುಗಿದ ಮೇಲೆ ಮಕ್ಕಳಿಗೆ ಅಭ್ಯಾಸದ ಹಾಳೆಯನ್ನು ನಾನೇ ಬರೆದು, ಜೆರಾಕ್ಸ್ ಮಾಡಿಸಿ ಹಂಚುವುದು ವಾಡಿಕೆ. ಕಳೆದ ವಾರ ಜೀವಕೋಶದ ಪಾಠಕ್ಕೆ ಬರೆದ ಹಾಳೆಯಲ್ಲಿ, ಇಂಗ್ಲಿಷಿನವರು ಬೈನ್ಯೂಕ್ಲಿಯೇಟ್ ಎನ್ನುವ, ಅಂದರೆ ಒಂದೇ ಪೊರೆಯೊಳಗೆ ಎರಡು ಕೋಶಕೇಂದ್ರಗಳಿರುವ ಜೀವಕೋಶಕ್ಕೆ ‘ದ್ವಿಕೋಶಕೇಂದ್ರೀಯ’ ಎಂಬ ಪದ ಬಳಸಿ, ಅದರ ಚಿತ್ರ ಬರೆಯಿರಿ ಎಂದು ಕೇಳಿದ್ದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಕ್ಕೊಂದು ಅಂಟಿಕೊಂಡ ಎರಡು ಕೋಶಗಳನ್ನು ಬರೆದು, ನಡುವೆ ಗೋಡೆ ಎಳೆದು, ಒಂದೊಂದರಲ್ಲಿ ಒಂದೊಂದು ಚುಕ್ಕೆ ಇಟ್ಟು ತಂದರು.

ಪಾಠವನ್ನೇ ಕೇಳಿಸಿಕೊಂಡಿಲ್ಲವೆಂದು ಮೊದಲು ಸಿಟ್ಟು ಬಂತು. ಆಮೇಲೆ ಆ ಪದವನ್ನು ನಾನೇ ನಿಧಾನವಾಗಿ ಬಿಡಿಸಿ ಓದಿದಾಗ ತಪ್ಪು ನನ್ನದೇ ಎಂದು ತಿಳಿಯಿತು. ‘ದ್ವಿ’ ಮತ್ತು ‘ಕೋಶಕೇಂದ್ರ’ ಎಂದು ನಾನು ಬಿಡಿಸಿದ್ದನ್ನು ಮಕ್ಕಳು ‘ದ್ವಿಕೋಶ’ ಮತ್ತು ‘ಕೇಂದ್ರ’ ಎಂದು ಬಿಡಿಸಿದ್ದಾರೆ. ವ್ಯಾಕರಣದ ದೃಷ್ಟಿಯಿಂದ ಅವರನ್ನು ತಪ್ಪೆನ್ನಲು ನನ್ನ ಬಳಿ ಆಧಾರವಿಲ್ಲ. ಇಲ್ಲಿನ ಮಕ್ಕಳ ಕಷ್ಟ ಇಷ್ಟಕ್ಕೇ ಮುಗಿಯುವುದೂ ಇಲ್ಲ. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡಿ, ಬೀದಿಯಲ್ಲಿ ಮರಾಠಿ ಹಿಂದಿ ಕೇಳಿ ಬೆಳೆಯುವ ಇವರಿಗೆ ಪಕ್ಕದ ಮನೆಯ ಮರಾಠಿ ಗೆಳೆಯನ ಪುಸ್ತಕದಲ್ಲಿ ‘ಪೇಶಿ’ ಎಂದರೆ ಜೀವಕೋಶ, ಹಿಂದಿಯಲ್ಲಿ ಅದೇ ‘ಪೇಶಿ’ ಎಂದರೆ ಸ್ನಾಯು.

ಇನ್ನೊಂದು ವಿಷಯ. ಕೋಶಕೇಂದ್ರವು ಜೀವಕೋಶದ ಮುಖ್ಯಾಧ್ಯಾಪಕನಿದ್ದಂತೆ ಎಂದು ನಾನೇ ಹೇಳಿಕೊಟ್ಟಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಮೇಡಂ, ಒಂದೇ ಶಾಲೆಗೆ ಇಬ್ಬರು ಹೆಡ್ಮಾಸ್ತರರಿದ್ದರೆ ಯಾರ ಮಾತು ನಡೆಯುತ್ತದೆ?” ಎಂದು ಕೇಳಿದ. ಎಲ್ಲರೂ ನಕ್ಕರು, ನಾನೂ ನಕ್ಕೆ, ಆದರೆ ಉತ್ತರ ಕೊಡಲಾಗಲಿಲ್ಲ. ಆದ್ದರಿಂದ ಸರಿಯಾದ ಪದ ಯಾವುದು, ಎರಡು ಕೇಂದ್ರಗಳಿರುವ ಎಲ್ಲ ಕೋಶಗಳೂ ಒಂದೇ ಬಗೆಯವೇ, ಮತ್ತು ಆ ಹುಡುಗನಿಗೆ ಏನು ಹೇಳಲಿ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಅಂಗಾಂಶ ಪ್ರಯೋಗಾಲಯದ ತಂತ್ರಜ್ಞೆ, ಪುಣೆ

ಮೇಡಂ, ಪದದ ವಿಚಾರವನ್ನು ಭಾಷೆ ಬಲ್ಲವರಿಗೆ ಬಿಟ್ಟು, ನಾನು ದಿನವೂ ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನು ಹೇಳುತ್ತೇನೆ. ಎರಡು ಕೇಂದ್ರಗಳಿರುವ ಕೋಶವೆಂದರೆ ಏನೋ ರೋಗವಿರಬೇಕೆಂದು ಜನ ಭಾವಿಸುತ್ತಾರೆ. ನಮ್ಮಲ್ಲಿಗೆ ಹೊಸದಾಗಿ ತರಬೇತಿಗೆ ಬರುವವರೂ ಹಾಗೆಯೇ ಗಾಬರಿಯಾಗುತ್ತಾರೆ. ವಾಸ್ತವದಲ್ಲಿ ನಿಮ್ಮ ಯಕೃತ್ತಿನಲ್ಲಿ, ನನ್ನ ಯಕೃತ್ತಿನಲ್ಲಿ, ಪೂರ್ಣ ಆರೋಗ್ಯವಂತರಾದ ವಯಸ್ಕರೆಲ್ಲರ ಯಕೃತ್ತಿನಲ್ಲಿ ಇಂಥ ಕೋಶಗಳು ಧಾರಾಳವಾಗಿವೆ. ಮನುಷ್ಯರ ಯಕೃತ್ತಿನ ಮುಖ್ಯ ಕೋಶಗಳಲ್ಲಿ ಸುಮಾರು ನಾಲ್ಕರಲ್ಲೊಂದು ಅಥವಾ ಐದರಲ್ಲೊಂದು ಈ ಬಗೆಯದು. ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣ ಹಾಕಿದ ಗಾಜಿನ ಪಟ್ಟಿಯನ್ನು ನಲವತ್ತರ ಮಸೂರದ ಕೆಳಗಿಟ್ಟರೆ, ಜೇನುಗೂಡಿನ ಕಣ್ಣುಗಳಂತೆ ಮೂಲೆಮೂಲೆಯಾದ ಗುಲಾಬಿ ಬಣ್ಣದ ಕೋಶಗಳು ಸಾಲುಗಟ್ಟಿ ನಿಂತಿರುತ್ತವೆ. ಹೆಚ್ಚಿನವುಗಳ ನಡುವೆ ದುಂಡನೆಯ ಒಂದೇ ನೀಲಿ ಬೊಟ್ಟು ಇದ್ದರೆ, ಕೆಲವುಗಳಲ್ಲಿ ಒಂದೇ ಗಾತ್ರದ ಎರಡು ಬೊಟ್ಟುಗಳು ಪಕ್ಕಪಕ್ಕದಲ್ಲಿ ಇಣುಕುತ್ತವೆ.

ಇದು ಹೇಗೆ ಆಗುತ್ತದೆಂದರೆ, ಕೋಶವಿಭಜನೆಯಲ್ಲಿ ಎರಡು ಕೆಲಸಗಳಿವೆ: ಮೊದಲು ವರ್ಣತಂತುಗಳು ಪಾಲಾಗಿ ಎರಡು ಕೋಶಕೇಂದ್ರಗಳಾಗುತ್ತವೆ, ಅನಂತರ ಕೋಶದ್ರವ್ಯದ ನಡು ಹಿಸುಕಿ ಎರಡು ಕೋಶಗಳಾಗುತ್ತವೆ. ಯಕೃತ್ತಿನ ಕೆಲವು ಕೋಶಗಳು ಮೊದಲನೆಯದನ್ನು ಮುಗಿಸಿ ಎರಡನೆಯದನ್ನು ಕೈಬಿಡುತ್ತವೆ. ಆಸ್ತಿಯ ಪಾಲುಪತ್ರ ಬರೆದಾಗಿದೆ, ಮನೆಯ ನಡುವೆ ಗೋಡೆ ಮಾತ್ರ ಎದ್ದಿಲ್ಲ. ಇಲಿಗಳಲ್ಲಿ ನೋಡಿದಂತೆ, ಮರಿಗಳು ತಾಯಿಯ ಹಾಲು ಬಿಟ್ಟು ಗಟ್ಟಿ ಆಹಾರಕ್ಕೆ ಹೊರಳುವ ಹೊತ್ತಿಗೆ ಇಂಥ ಕೋಶಗಳ ಸಂಖ್ಯೆ ಏರತೊಡಗುತ್ತದೆ. ಹೃದಯದ ಸ್ನಾಯುಕೋಶಗಳಲ್ಲೂ ಹೀಗೆಯೇ ಇದೆ: ಪ್ರಾಯಕ್ಕೆ ಬಂದ ಇಲಿಯ ಹೃದಯದಲ್ಲಿ ಬಹುಪಾಲು ಕೋಶಗಳು ಎರಡು ಕೇಂದ್ರಗಳವು, ಮನುಷ್ಯರಲ್ಲಿ ಸುಮಾರು ಕಾಲುಭಾಗ ಮಾತ್ರ. ಮೂತ್ರಕೋಶದ ಒಳಗೋಡೆಯ ಮೇಲ್ಪದರದಲ್ಲಿ ಕೊಡೆ ಬಿಚ್ಚಿದಂತೆ ಹರಡಿಕೊಂಡಿರುವ ದೊಡ್ಡ ಕೋಶಗಳಲ್ಲಿಯೂ ಎರಡು ಕೇಂದ್ರಗಳು ಸಾಮಾನ್ಯ. ಮೂತ್ರದ ಮಾದರಿಯಲ್ಲಿ ಅವು ಉದುರಿ ಬಂದರೆ ನಾವು ಹುಬ್ಬೇರಿಸುವುದಿಲ್ಲ.

ಹುಬ್ಬೇರಿಸುವ ಸಂದರ್ಭವೂ ಒಂದಿದೆ. ಹಾಡ್ಕಿನ್ ಲಿಂಫೋಮಾ ಎಂಬ ದುಗ್ಧರಸ ಗ್ರಂಥಿಗಳ ಕ್ಯಾನ್ಸರಿನಲ್ಲಿ ಕಾಣುವ ದೊಡ್ಡ ಕೋಶವನ್ನು 1898ರಲ್ಲಿ ಕಾರ್ಲ್ ಸ್ಟರ್ನ್‌ಬರ್ಗ್, 1902ರಲ್ಲಿ ಡೊರೋತಿ ರೀಡ್ ವಿವರಿಸಿದರು. ಅದರ ಎರಡು ಕೇಂದ್ರಗಳು ಕನ್ನಡಿಯ ಬಿಂಬದಂತೆ ಎದುರುಬದುರಾಗಿದ್ದು, ಒಂದೊಂದರಲ್ಲೂ ನ್ಯೂಕ್ಲಿಯೋಲಸ್ ಎಂಬ ದಪ್ಪನೆಯ ಒಳಚುಕ್ಕೆ ಇರುವುದರಿಂದ ಗೂಬೆ ದುರುಗುಟ್ಟಿ ನೋಡಿದಂತೆ ಕಾಣುತ್ತದೆ. ಎಂದರೆ ಎರಡು ಕೇಂದ್ರಗಳಿವೆ ಎಂಬ ಒಂದೇ ಸಂಗತಿಯಿಂದ ಆರೋಗ್ಯವನ್ನೂ ರೋಗವನ್ನೂ ತೀರ್ಮಾನಿಸಲಾಗದು.

ಮಕ್ಕಳಿಗೆ ತೋರಿಸುವಾಗ ಒಂದು ಎಚ್ಚರ ಬೇಕು. ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು ಒಂದರ ಮೇಲೊಂದು ಬಿದ್ದಿದ್ದ ಎರಡು ಕೋಶಗಳನ್ನು ಎರಡು ಕೇಂದ್ರಗಳ ಒಂದೇ ಕೋಶವೆಂದು ಟಿಪ್ಪಣಿ ಬರೆದಿದ್ದೆ. ನಮ್ಮ ಹಿರಿಯರು ಏನೂ ಹೇಳದೆ ನನ್ನ ಬೆರಳನ್ನು ಸಣ್ಣ ತಿರುಪಿನ ಮೇಲಿಟ್ಟು ಕೂದಲೆಳೆಯಷ್ಟು ತಿರುಗಿಸಿದರು. ಒಂದು ಬೊಟ್ಟು ಮಸುಕಾಗಿ ಇನ್ನೊಂದು ಸ್ಪಷ್ಟವಾಯಿತು. ಎರಡೂ ಕೇಂದ್ರಗಳು ಒಂದೇ ಮಟ್ಟದಲ್ಲಿ ಒಟ್ಟಿಗೆ ಸ್ಪಷ್ಟವಾಗಿ, ಸುತ್ತ ಒಂದೇ ಅಂಚು ಮುರಿಯದೆ ಹಾಯ್ದಿದ್ದರೆ ಮಾತ್ರ ನಂಬಬಹುದು. ವಿಭಜನೆಯ ಕೊನೆಯ ಹಂತದಲ್ಲಿರುವ ಕೋಶದಲ್ಲೂ ಕ್ಷಣಕಾಲ ಎರಡು ಕೇಂದ್ರಗಳು ಕಾಣುತ್ತವೆ. ನಡು ಸಣ್ಣಗಾಗತೊಡಗಿದ್ದರೆ ಅದನ್ನು ಈ ಲೆಕ್ಕಕ್ಕೆ ಸೇರಿಸಬಾರದು.

ಉತ್ತರ: ಅಣಬೆ ಬೆಳೆಗಾರ, ಫೋಂಡಾ, ಗೋವಾ

ಪುಣೆಯ ಅಕ್ಕನವರು ಹೇಳಿದ್ದು ಪಾಲಾದ ಮೇಲೂ ಗೋಡೆ ಏಳದ ಮನೆಯ ಕಥೆ. ನನ್ನ ಕಸುಬಿನಲ್ಲಿ ಕಾಣುವುದು ಇದಕ್ಕೆ ವಿರುದ್ಧವಾದದ್ದು: ಎರಡು ಬೇರೆ ಬೇರೆ ಮನೆಯವರು ಬಂದು ಒಂದೇ ಖೋಲಿಯಲ್ಲಿ ಬಿಡಾರ ಹೂಡಿ, ಒಲೆಗಳನ್ನು ಮಾತ್ರ ಬೇರೆಯಾಗಿಯೇ ಇಟ್ಟುಕೊಳ್ಳುವ ಕಥೆ. ಇದನ್ನು ಡೈಕ್ಯಾರಿಯಾನ್ ಎನ್ನುತ್ತಾರೆ. ನಾನು ಭತ್ತದ ಹುಲ್ಲಿನ ಚೀಲಗಳಲ್ಲಿ ಬೆಳೆಸುವ ಚಿಪ್ಪಣಬೆಯ ಬಾಳು ಬಹುಮಟ್ಟಿಗೆ ಈ ಸ್ಥಿತಿಯಲ್ಲಿಯೇ ಕಳೆಯುತ್ತದೆ.

ಅಣಬೆಯ ಬೀಜಾಣು ಮೊಳೆತಾಗ ಬರುವ ಎಳೆಯ ಕೋಶಗಳಲ್ಲಿ ಒಂದೊಂದೇ ಕೇಂದ್ರವಿರುತ್ತದೆ. ಪರಸ್ಪರ ಹೊಂದುವ ಇನ್ನೊಂದು ಎಳೆ ಸಿಕ್ಕಿದಾಗ ಎರಡರ ಕೋಶದ್ರವ್ಯಗಳು ಬೆರೆಯುತ್ತವೆ, ಆದರೆ ಕೇಂದ್ರಗಳು ಬೆರೆಯುವುದಿಲ್ಲ. ತಂದೆಯ ಕಡೆಯದೊಂದು, ತಾಯಿಯ ಕಡೆಯದೊಂದು ಎನ್ನಬಹುದಾದ ಆ ಜೋಡಿ ಅಕ್ಕಪಕ್ಕದಲ್ಲಿದ್ದುಕೊಂಡೇ, ಒಂದು ವಿಭಜಿಸಿದಾಗ ಇನ್ನೊಂದೂ ವಿಭಜಿಸುತ್ತ, ಹುಲ್ಲಿನ ಉದ್ದಕ್ಕೂ ಸಾಗುತ್ತದೆ. ನಾವು ಸಾರು ಮಾಡಿ ಉಣ್ಣುವ ಕೊಡೆಯ ತಿರುಳೆಲ್ಲ ಈ ಜೋಡಿಗಳಿಂದ ತುಂಬಿದ ಎಳೆಗಳೇ. ಕೊಡೆಯ ಕೆಳಗಿನ ಪಕಳೆಗಳ ಮೇಲ್ಮೈಯ ವಿಶೇಷ ಕೋಶಗಳಲ್ಲಿ ಮಾತ್ರ ಕಟ್ಟಕಡೆಗೆ ಎರಡೂ ಕೇಂದ್ರಗಳು ಒಂದಾಗುತ್ತವೆ. ಒಂದಾದ ಕೂಡಲೇ, ವರ್ಣತಂತುಗಳ ಸಂಖ್ಯೆ ಅರ್ಧಕ್ಕಿಳಿಯುವ ಅರೆವಿಭಜನೆಯಾಗಿ ಸಾಮಾನ್ಯವಾಗಿ ನಾಲ್ಕು ಬೀಜಾಣುಗಳು ಹೊರಬರುತ್ತವೆ. ಇಷ್ಟು ದಿನ ಒಟ್ಟಿಗಿದ್ದು ಕೂಡಿದ ಗಳಿಗೆಯಲ್ಲೇ ಬೇರೆಯಾಗುವ ಈ ದಾಂಪತ್ಯ ನನಗೆ ಪ್ರತಿಸಲವೂ ಸೋಜಿಗ ತರುತ್ತದೆ.

ಜೋಡಿ ತಪ್ಪದಂತೆ ನೋಡಿಕೊಳ್ಳುವ ಉಪಾಯ ಇನ್ನೂ ಚೆನ್ನಾಗಿದೆ. ತುದಿಯ ಕೋಶ ವಿಭಜಿಸುವ ಮುನ್ನ ಪಕ್ಕದಿಂದ ಕೊಕ್ಕೆಯಂಥ ಸಣ್ಣ ಕೊಂಬೆ ಹಿಂದಕ್ಕೆ ಬಾಗುತ್ತದೆ. ಎರಡೂ ಕೇಂದ್ರಗಳು ಏಕಕಾಲಕ್ಕೆ ವಿಭಜಿಸಿದಾಗ ಒಂದರ ಮರಿ ಆ ಕೊಕ್ಕೆಯೊಳಗೆ ಸಿಕ್ಕಿಕೊಳ್ಳುತ್ತದೆ. ನಡುವೆ ಗೋಡೆಗಳೆದ್ದ ಮೇಲೆ ಕೊಕ್ಕೆಯ ತುದಿ ಹಿಂದಿನ ಕೋಶಕ್ಕೆ ಬೆಸೆದು, ಒಳಗಿದ್ದ ಕೇಂದ್ರವನ್ನು ಅದಕ್ಕೆ ದಾಟಿಸುತ್ತದೆ. ಹೀಗೆ ಮುಂದಿನ ಕೋಶಕ್ಕೂ ಹಿಂದಿನ ಕೋಶಕ್ಕೂ ಎರಡೂ ಬಗೆಯ ಒಂದೊಂದು ಕೇಂದ್ರ ಸಿಗುತ್ತದೆ. ಸ್ಪಾನ್, ಅಂದರೆ ಅಣಬೆ ಬಿತ್ತನೆ ತರಿಸಿದಾಗ ನಾನು ಅದರ ಬಿಳಿಯ ಎಳೆಯನ್ನು ಸೂಜಿಯಿಂದ ಕಿತ್ತು, ಕಾಟನ್ ಬ್ಲೂ ಬಣ್ಣದ ಹನಿಯಲ್ಲಿ ಹರಡಿ ನೋಡುತ್ತೇನೆ. ಅಡ್ಡಗೋಡೆಯ ಪಕ್ಕದಲ್ಲಿ ಚಹಾ ಕಪ್ಪಿನ ಹಿಡಿಯಂಥ ಪುಟ್ಟ ಉಬ್ಬು ಕಂಡರೆ ಎಳೆ ಜೋಡಿಯಾಗಿದೆ, ಇನ್ನು ಕೊಡೆ ಬರಲು ಅಡ್ಡಿಯಿಲ್ಲ ಎಂದು ಲೆಕ್ಕ. ಆ ಬಣ್ಣದಲ್ಲಿ ಕೇಂದ್ರಗಳು ಮಾತ್ರ ಚೆನ್ನಾಗಿ ಕಾಣುವುದಿಲ್ಲ. ಅದಕ್ಕೆ ಗೀಮ್ಸಾದಂಥ ಬೇರೆ ಬಣ್ಣ ಬೇಕು.

ಎಲ್ಲ ಅಣಬೆಗಳೂ ಹೀಗೆ ಶಿಸ್ತಿನಿಂದ ಎರಡೆರಡನ್ನೇ ಇಟ್ಟುಕೊಳ್ಳುತ್ತವೆ ಎಂದು ಮಕ್ಕಳಿಗೆ ಹೇಳಿಬಿಡಬೇಡಿ. ಅಂಗಡಿಯಲ್ಲಿ ಸಿಗುವ ಬಿಳಿಯ ಗುಂಡಿ ಅಣಬೆಯ ಎಳೆಯ ಕೋಶಗಳಲ್ಲಿ ಹಲವು ಕೇಂದ್ರಗಳಿರುತ್ತವೆ, ಕೊಕ್ಕೆಯೂ ಇರುವುದಿಲ್ಲ. ನಾನು ಮೂಲತಃ ಚಿಕ್ಕಮಗಳೂರಿನ ಕಡೆಯವನಾದ್ದರಿಂದ ಇನ್ನೊಂದು ಉದಾಹರಣೆ ನೆನಪಾಗುತ್ತದೆ: ಕಾಫಿ ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿಯಂತೆ ಮೂಡುವ ತುಕ್ಕುರೋಗದ ಬೀಜಾಣುಗಳೂ ಇಂಥ ಜೋಡಿಕೇಂದ್ರದವೇ. ಒಮ್ಮೆ ತೋಟದಲ್ಲಿ ನಡೆದು ಬಂದರೆ ಬಿಳಿ ಅಂಗಿಯ ತೋಳಿಗೆ ಅವು ಲಕ್ಷಗಟ್ಟಲೆ ಅಂಟಿರುತ್ತವೆ.

ಉತ್ತರ: ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕ, ಡೊಂಬಿವಲಿ

ಶಿಕ್ಷಕಿಯವರೇ, ಮಕ್ಕಳು ಪದವನ್ನು ಬಿಡಿಸಿದ ರೀತಿ ನನಗೆ ಬಹಳ ಹಿಡಿಸಿತು. ಏಕೆಂದರೆ ಇದೇ ಗೊಂದಲ ಸಸ್ಯಶಾಸ್ತ್ರದ ಪಂಡಿತರಲ್ಲೂ, ತಿರುವುಮುರುವಾಗಿ, ಬಹುಕಾಲ ಇತ್ತು. ಹೂಬಿಡುವ ಸಸ್ಯಗಳ ಪೈಕಿ ಶೇಕಡ 60ಕ್ಕೂ ಹೆಚ್ಚಿನವುಗಳಲ್ಲಿ ಪರಾಗರೇಣು ಹೊರಬೀಳುವಾಗ ಒಳಗೆ ಎರಡು ಕೇಂದ್ರಗಳು ಕಾಣುತ್ತವೆ; ಹಳೆಯ ಪುಸ್ತಕಗಳು ಅದನ್ನು ಎರಡು ಕೇಂದ್ರಗಳ ಪರಾಗವೆಂದೇ ಕರೆದವು. ಆದರೆ ಆ ಎರಡರಲ್ಲಿ ಒಂದು ಕೇಂದ್ರಕ್ಕೆ ತನ್ನದೇ ಕೋಶದ್ರವ್ಯವೂ ಪೊರೆಯೂ ಇದೆ, ಅದು ದೊಡ್ಡ ಕೋಶದ ಹೊಟ್ಟೆಯೊಳಗೆ ತೇಲುವ ಪುಟ್ಟ ಕೋಶ. ಆದ್ದರಿಂದ ಈಗ ಅದನ್ನು ಎರಡು ಕೋಶಗಳ ಪರಾಗ ಎನ್ನುತ್ತಾರೆ. ನಿಮ್ಮ ಮಕ್ಕಳ ಚಿತ್ರಕ್ಕೆ ಸ್ವಲ್ಪ ತಿದ್ದುಪಡಿ ಮಾಡಿದರೆ ಪರಾಗದ ಚಿತ್ರವಾಗಿಬಿಡುತ್ತದೆ!

ಸಸ್ಯಗಳಲ್ಲಿ ನಿಜವಾಗಿ ಎರಡು ಕೇಂದ್ರಗಳಿರುವ ಕೋಶ ಬೇಕಾದರೆ ಅಂಡಾಣುವಿರುವ ಭ್ರೂಣಚೀಲದ ನಡುವೆ ನೋಡಬೇಕು. ಸಾಮಾನ್ಯ ಬಗೆಯ ಭ್ರೂಣಚೀಲದಲ್ಲಿ ಏಳು ಕೋಶಗಳು, ಎಂಟು ಕೇಂದ್ರಗಳು. ಲೆಕ್ಕದಲ್ಲಿ ಹೆಚ್ಚಾಗುವ ಆ ಒಂದು ಕೇಂದ್ರ ಇರುವುದು ನಡುವಿನ ದೊಡ್ಡ ಕೋಶದಲ್ಲಿ. ಪರಾಗನಳಿಕೆ ತಂದ ಎರಡು ಗಂಡುಕೇಂದ್ರಗಳಲ್ಲಿ ಒಂದು ಅಂಡದೊಡನೆಯೂ ಇನ್ನೊಂದು ಈ ನಡುಕೋಶದ ಜೋಡಿಯೊಡನೆಯೂ ಕೂಡುತ್ತದೆಂದು 1898ರಲ್ಲಿ ರಷ್ಯದ ಸೆರ್ಗೈ ನವಾಶಿನ್ ತೋರಿಸಿದರು. ಆ ಮೂರರ ಕೂಟದಿಂದ ಹುಟ್ಟುವುದೇ ಬೀಜದ ಆಹಾರವಾದ ಭ್ರೂಣಾಹಾರ. ಗೋವಾದವರ ಅಂಗಳದ ಎಳನೀರನ್ನೇ ತೆಗೆದುಕೊಳ್ಳಿ: ಅದು ಗೋಡೆಗಳಿಲ್ಲದೆ ಸಾವಿರಾರು ಕೇಂದ್ರಗಳು ತೇಲಾಡುವ ಭ್ರೂಣಾಹಾರ, ಸುತ್ತಲಿನ ಬಿಳಿಯ ತಿರುಳು ಗೋಡೆಗಳೆದ್ದು ಕೋಶಗಳಾದ ಭಾಗ.

ಇನ್ನು ಪದದ ವಿಚಾರ. 1831ರಲ್ಲಿ ಆರ್ಕಿಡ್ ಎಲೆಯ ಸಿಪ್ಪೆಯನ್ನು ನೋಡುತ್ತಿದ್ದ ರಾಬರ್ಟ್ ಬ್ರೌನ್ ಕೋಶದೊಳಗಿನ ಆ ದುಂಡು ವಸ್ತುವನ್ನು ನ್ಯೂಕ್ಲಿಯಸ್ ಎಂದು ಕರೆದರು. ಲ್ಯಾಟಿನ್ನಿನ ಈ ಶಬ್ದಕ್ಕೂ ಗ್ರೀಕಿನ ‘ಕ್ಯಾರಿಯಾನ್’ ಶಬ್ದಕ್ಕೂ ಮೂಲದಲ್ಲಿ ಕಾಯಿಯೊಳಗಿನ ತಿರುಳು, ಗೋಟು ಎಂಬ ಅರ್ಥವೇ ಇದೆ. ಪರಮಾಣುವಿನ ವಿಚಾರದಲ್ಲಿ ಕನ್ನಡಿಗರು ಈ ಅರ್ಥವನ್ನು ಉಳಿಸಿಕೊಂಡು ‘ಬೀಜ’, ‘ಬೈಜಿಕ’ ಎಂದರು. ಜೀವಕೋಶದ ವಿಚಾರದಲ್ಲಿ ಬಿಟ್ಟುಕೊಟ್ಟು ‘ಕೋಶಕೇಂದ್ರ’ ಎಂದರು. ಆ ಪದ ಒಂಟಿಯಾಗಿ ನಿಂತಾಗ ಸೊಗಸಾಗಿದೆ, ಮುಂದೆ ಸಂಖ್ಯೆ ಬಂದಾಗ ಮಾತ್ರ ಎಡವುತ್ತದೆ. ಆದ್ದರಿಂದ ಸಂಖ್ಯೆ ಸೇರುವಲ್ಲಿ ‘ಕೇಂದ್ರಕ’ ಎಂಬ ರೂಪವನ್ನು ಬಳಸಿ, ಏಕಕೇಂದ್ರಕ ಕೋಶ, ದ್ವಿಕೇಂದ್ರಕ ಕೋಶ, ಬಹುಕೇಂದ್ರಕ ಕೋಶ ಎನ್ನುವುದು ಸೂಕ್ತ. ಮರಾಠಿಯಲ್ಲೂ ಹಿಂದಿಯಲ್ಲೂ ‘ಕೇಂದ್ರಕ’ವೇ ಇರುವುದರಿಂದ ನಿಮ್ಮ ಮಕ್ಕಳಿಗೆ ಬೀದಿಯ ಭಾಷೆಯೂ ಇಲ್ಲಿ ಒದಗಿಬರುತ್ತದೆ. ಡೈಕ್ಯಾರಿಯಾನ್‌ಗೆ ಫೋಂಡಾದವರು ಸಹಜವಾಗಿ ಬಳಸಿದ ‘ಜೋಡಿ’ ಎಂಬ ಮಾತೇ ಸರಿ: ಜೋಡಿಕೇಂದ್ರಕ ಸ್ಥಿತಿ. ದ್ವಿಗುಣಿತ ಎಂಬ ಪದವನ್ನು ಇದರೊಂದಿಗೆ ಬೆರೆಸಬಾರದು, ಅದು ಒಂದೇ ಕೇಂದ್ರಕದೊಳಗೆ ವರ್ಣತಂತುಗಳ ಎರಡು ಗಣಗಳಿರುವುದನ್ನು ಹೇಳುತ್ತದೆ.

ಇಬ್ಬರು ಹೆಡ್ಮಾಸ್ತರರ ಪ್ರಶ್ನೆ ಕೇಳಿದ ಹುಡುಗನಿಗೆ ನನ್ನ ಶಾಬಾಸ್ ತಿಳಿಸಿ. ಅದಕ್ಕೆ ಉತ್ತರ ಹುಡುಕಲು ವಿಜ್ಞಾನಿಗಳು ಬೇಕೆಂದೇ ಎರಡು ಕೇಂದ್ರಕಗಳ ಕೋಶಗಳನ್ನು ತಯಾರಿಸಿದ್ದಾರೆ. 1970ರಲ್ಲಿ ನಮ್ಮ ದೇಶದವರೇ ಆದ ಪೋತು ನರಸಿಂಹ ರಾವ್ ಮತ್ತು ರಾಬರ್ಟ್ ಜಾನ್ಸನ್ ಅವರು ಬೇರೆ ಬೇರೆ ಹಂತಗಳಲ್ಲಿದ್ದ ಮಾನವ ಕೋಶಗಳನ್ನು ಸೆಂಡಾಯ್ ವೈರಸ್ಸಿನ ನೆರವಿನಿಂದ ಬೆಸೆದರು. ಡಿಎನ್‌ಎ ನಕಲು ಮಾಡುತ್ತಿದ್ದ ಕೋಶವನ್ನು ಇನ್ನೂ ಆರಂಭಿಸದ ಕೋಶದೊಡನೆ ಬೆಸೆದಾಗ, ಸುಮ್ಮನಿದ್ದ ಕೇಂದ್ರಕವೂ ಅವಧಿಗೆ ಮೊದಲೇ ನಕಲು ಶುರುಮಾಡಿತು. ಆಗಲೇ ನಕಲು ಮುಗಿಸಿದ್ದ ಕೇಂದ್ರಕ ಮಾತ್ರ ಅದೇ ಕೋಶದ್ರವ್ಯದಲ್ಲಿದ್ದರೂ ಎರಡನೆಯ ಸಲ ನಕಲು ಮಾಡಲಿಲ್ಲ. ವಿಭಜನೆಯ ನಡುವಿದ್ದ ಕೋಶದೊಡನೆ ಬೆಸೆದರೆ, ಪಕ್ಕದ ಕೇಂದ್ರಕದ ವರ್ಣತಂತುಗಳೂ ಅಕಾಲದಲ್ಲಿ ಗಂಟುಕಟ್ಟಿದವು. ಎಂದರೆ ಅಪ್ಪಣೆ ಕೇಂದ್ರಕದಿಂದಷ್ಟೇ ಹೊರಡುವುದಲ್ಲ, ಕೋಶದ್ರವ್ಯದಲ್ಲಿ ಹರಿದಾಡುವ ವಸ್ತುಗಳೂ ಕೇಂದ್ರಕಕ್ಕೆ ಅಪ್ಪಣೆ ಕೊಡುತ್ತವೆ. ಗಂಟೆ ಬಾರಿಸುವ ಜವಾನನಿಗೂ ಆ ಶಾಲೆಯಲ್ಲಿ ಅಧಿಕಾರವಿದೆ ಎಂದು ಹೇಳಿ.

ಉತ್ತರ: ಕಾಲೇಜು ವಿದ್ಯಾರ್ಥಿ, ಠಾಣೆ

ಗುರುಗಳ ಮಾತಿಗೆ ಎದುರಾಡುತ್ತಿಲ್ಲ, ಆದರೆ ಕನ್ನಡ ಮಾಧ್ಯಮದಿಂದ ಹನ್ನೊಂದನೆಯ ತರಗತಿಗೆ ಬಂದವನಾಗಿ ಒಂದು ಮಾತು ಹೇಳಬೇಕು. ಕಾಲೇಜಿನ ಮೊದಲ ಆರು ತಿಂಗಳು ನನಗೆ ವಿಷಯ ಕಷ್ಟವಾಗಲಿಲ್ಲ, ಹೆಸರುಗಳು ಕಷ್ಟವಾದವು. ದ್ವಿಕೇಂದ್ರಕವನ್ನು ಕಲಿಸಿ, ಪಕ್ಕದಲ್ಲೇ ಬೈನ್ಯೂಕ್ಲಿಯೇಟ್ ಎಂದು ಕನ್ನಡ ಅಕ್ಷರಗಳಲ್ಲಿ ಬರೆಯಿಸಿ. ಜೊತೆಗೆ ಎರಡೂ ಕೇಂದ್ರಕಗಳು ಸಮಾನವಾಗಿಯೇ ಇರಬೇಕೆಂದಿಲ್ಲ ಎಂಬುದಕ್ಕೆ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿ ಇದೆ: ದೊಡ್ಡ ಕೇಂದ್ರಕ ದಿನನಿತ್ಯದ ಆಡಳಿತ ನೋಡಿಕೊಳ್ಳುತ್ತದೆ, ಚಿಕ್ಕದು ವಂಶದ ಮೂಲಪ್ರತಿಯನ್ನು ಕಾಪಾಡುತ್ತದೆ, ಎರಡು ಜೀವಿಗಳು ಕೂಡಿದ ಮೇಲೆ ಹಳೆಯ ದೊಡ್ಡದು ಕರಗಿ, ಚಿಕ್ಕದರ ಸಂತತಿಯಿಂದ ಹೊಸ ದೊಡ್ಡದು ತಯಾರಾಗುತ್ತದೆ. ಕೆಟ್ಟ ನೀರಿನಿಂದ ಹೊಟ್ಟೆ ಕೆಡಿಸುವ ಜಿಯಾರ್ಡಿಯಾದಲ್ಲಿ ಇದಕ್ಕೆ ವಿರುದ್ಧವಾಗಿ ಎರಡೂ ಒಂದೇ ತೆರನಾಗಿದ್ದು, ಎರಡೂ ಕೆಲಸ ಮಾಡುತ್ತವೆ. ಬಣ್ಣ ಹಾಕಿದ ಚಿತ್ರದಲ್ಲಿ ಅದು ಕನ್ನಡಕ ಹಾಕಿದ ಮುಖದಂತೆಯೇ ಕಾಣುತ್ತದೆ, ಮಕ್ಕಳು ಒಮ್ಮೆ ನೋಡಿದರೆ ಮರೆಯಲಾರರು.

ಪ್ರಶ್ನೆ ಕೇಳಿದವರಿಂದ: ವಿಜ್ಞಾನ ಶಿಕ್ಷಕಿ, ಮುಂಬಯಿ

ಎಲ್ಲರಿಗೂ ಋಣಿ. ಹಾಳೆಯನ್ನು ತಿದ್ದಿ ಹೊಸದಾಗಿ ಬರೆದಿದ್ದೇನೆ: ಮೇಲೆ ‘ದ್ವಿಕೇಂದ್ರಕ ಕೋಶ’ ಎಂದೂ ಅದರ ಕೆಳಗೆ ಠಾಣೆಯ ತಮ್ಮ ಹೇಳಿದಂತೆ ಬೈನ್ಯೂಕ್ಲಿಯೇಟ್ ಎಂದೂ ಇದೆ. ಯಕೃತ್ತಿನ ಕೋಶ, ಚಿಪ್ಪಣಬೆಯ ಎಳೆ, ಪ್ಯಾರಮೀಸಿಯಂ ಮೂರನ್ನೂ ಕೊಟ್ಟು, ಎರಡು ಕೇಂದ್ರಕಗಳು ಎಲ್ಲಿಂದ ಬಂದವು ಎಂದು ಪ್ರತಿಯೊಂದಕ್ಕೂ ಕೇಳಿದ್ದೇನೆ. ನಿನ್ನೆ ತರಗತಿಯಲ್ಲಿ ಈ ಸಲ ಗೋಡೆ ಎಳೆದವರು ಇಬ್ಬರೇ. ಹಿಂದಿನ ಬೆಂಚಿನ ಹುಡುಗನಿಗೆ ಜವಾನನ ಅಧಿಕಾರದ ಮಾತು ಹೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ಆ ಗಂಟೆಯ ವಸ್ತು ಯಾವುದು, ಅದನ್ನು ತಯಾರಿಸಲು ಅಪ್ಪಣೆ ಕೊಟ್ಟವರು ಯಾರು ಎಂದು ಕೇಳಿದ್ದಾನೆ. ಡೊಂಬಿವಲಿಯ ಗುರುಗಳು ಬಿಡುವಾದಾಗ ಇನ್ನೊಮ್ಮೆ ಇತ್ತ ಬರಬೇಕಾಗಿ ವಿನಂತಿ.